ಕೆಎ 17 ಮತ್ತು ಮೂಲಾ ನಕ್ಷತ್ರ

ನಮ್ಮ ಕಾಲೇಜಿನ ಪಾರ್ಕಿಂಗಲ್ಲಿ ನಿಂತಿರೋ ಗಾಡಿಗಳ ನಂಬರ್ ಪ್ಲೇಟ್ ಒಮ್ಮೆ ನೋಡಿ. ಬಹುಪಾಲು ಕೆಎ 17. ಒಂದಕ್ಕೆ ಏಳು ಕೂಡಿಸಿದ್ರೆ ಎಂಟು. ಎಂಟು ಶನಿಯ ಸಂಖ್ಯೆ, ಗಾಡಿಗೆ ಆಗಿಬರಲ್ಲ ಅಂತ ಸಂಖ್ಯಾಶಾಸ್ತ್ರದವರು ಹೇಳ್ತಾರೆ. ನಮ್ಮ ದೊಡ್ಡಪ್ಪ ಕಾರು ತಗೊಂಡಾಗ ಕೊನೇ ನಾಲ್ಕು ಅಂಕಿ ಕೂಡಿದ್ರೆ ಎಂಟು ಬರಬಾರದು ಅಂತ ಹೆಚ್ಚು ದುಡ್ಡು ಕಟ್ಟಿ ಬೇರೆ ನಂಬರ್ ತಗೊಂಡ್ರು. ಮುಂದೆ ಕೂತಿದ್ದ 17 ಯಾರ ಕಣ್ಣಿಗೂ ಬೀಳಲಿಲ್ಲ.

ಇಟಲಿಯವರಿಗೆ 17 ಅಂದ್ರೇನೇ ಅಪಶಕುನ. ಚೀನಾದವರಿಗೆ 8 ಎಷ್ಟು ಶುಭ ಅಂದ್ರೆ, ಬೀಜಿಂಗ್ ಒಲಿಂಪಿಕ್ಸ್ 2008ರ ಆಗಸ್ಟ್ 8ರಂದು ರಾತ್ರಿ 8 ಗಂಟೆಗೆ ಶುರುವಾಯ್ತು. ಅಂದ್ರೆ ದಾವಣಗೆರೆ ಗಾಡಿ ರೋಮಲ್ಲಿ ಕೆಟ್ಟದ್ದು, ಬೀಜಿಂಗಲ್ಲಿ ಒಳ್ಳೇದು!

ಹರಿಹರದಲ್ಲಿರೋ ನಮ್ಮಜ್ಜಿಗೆ ಅಂಕಿಗಿಂತ ರಾಹುಕಾಲದ ಚಿಂತೆ ಜಾಸ್ತಿ. ಕಳೆದ ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ನಾನು ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದೆ. ಬೆಳಗ್ಗೆ 6ರಿಂದ ಸಂಜೆ 6ರವರೆಗೆ ಒಂದೂವರೆ ಗಂಟೆಯ ಎಂಟು ಭಾಗ. ಅದರಲ್ಲಿ ರಾಹುಕಾಲ, ಯಮಗಂಡಕಾಲ, ಗುಳಿಕಕಾಲ ಅಂತ ದಿನಾ ಮೂರು. ನಮ್ಮ ಪೇಪರ್ 9:30ರಿಂದ 12:30. ಸೋಮವಾರ, ಮಂಗಳವಾರ ಯಮಗಂಡ ಅಡ್ಡ ಬರುತ್ತೆ. ಬುಧವಾರ, ಗುರುವಾರ ಗುಳಿಕ. ಶುಕ್ರವಾರ, ಶನಿವಾರ ರಾಹು. ಬರೆಯೋಕೆ ಒಂದು ದಿನವೂ ಉಳಿಯಲ್ಲ! ಅಜ್ಜಿಗೆ ತೋರಿಸಿದೆ. "ಹಂಗಾರೆ ಎಲ್ರಿಗೂ ಒಂದೇ ಅಲ್ಲೇನು, ಹೋಗಿ ಬರಿ ಪುಟ್ಟಾ" ಅಂದ್ರು.

ಇಲ್ಲಿವರೆಗೂ ನಗಬಹುದು. ಆದ್ರೆ ಅದೇ ದೊಡ್ಡಪ್ಪನ ಮಗಳು, ನಮ್ಮಕ್ಕ, ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾ ನಕ್ಷತ್ರದ ಸೊಸೆ ಬಂದ್ರೆ ಮಾವನಿಗೆ ಕೇಡು ಅಂತ ನಂಬಿಕೆ. ಮೂರು ಸಂಬಂಧ ಜಾತಕ ನೋಡಿದ ಮೇಲೆ ವಾಪಸ್ ಹೋದವು. ಮೂರನೆಯವರು ಮನೆಗೆ ಬಂದು, ಉಪ್ಪಿಟ್ಟು ತಿಂದು, ಹುಡುಗಿ ಒಪ್ಪಿಗೆ ಅಂತ ಹೇಳಿ ಹೋಗಿ, ವಾರದ ಮೇಲೆ ಫೋನ್ ಮಾಡಿದ್ರು. ಹುಟ್ಟಿದ ಟೈಮ್ ಸ್ವಲ್ಪ ಆಚೀಚೆ ಮಾಡಿ ಹೊಸ ಜಾತಕ ಬರೆಸೋಣ ಅಂತ ದಲ್ಲಾಳಿ ಸಲಹೆ ಕೊಟ್ಟ. ದೊಡ್ಡಪ್ಪ ಅರ್ಧ ಒಪ್ಪಿದ್ರು. ಅಕ್ಕ ಒಪ್ಪಲಿಲ್ಲ.

"ಸುಳ್ಳು ಜಾತಕ ಹಿಡ್ಕೊಂಡು ಹೋದ್ರೆ, ಆ ಮನೇಲಿ ಮಾವನಿಗೆ ಜ್ವರ ಬಂದ್ರೂ ನಾನು ನಡುಗಬೇಕು. ಅಂಥ ಮದುವೆ ಬೇಡ ಅಪ್ಪಾಜಿ" ಅಂದ್ಲು. ದೊಡ್ಡಪ್ಪ ಆವತ್ತು ಊಟ ಮಾಡಲಿಲ್ಲ.

ನಕ್ಷತ್ರ 27. ಚಂದ್ರ ಒಂದೊಂದರಲ್ಲಿ ಸುಮಾರು ಒಂದು ದಿನ ಇರ್ತಾನೆ. ಹಾಗಾಗಿ 27 ಜನರಲ್ಲಿ ಹೆಚ್ಚುಕಮ್ಮಿ ಒಬ್ಬರು ಮೂಲಾದವರು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 3 ಕೋಟಿ ಹೆಣ್ಣುಮಕ್ಕಳು. ಅಂದ್ರೆ ಹತ್ತಿರ ಹತ್ತಿರ 11 ಲಕ್ಷ ಜನ ಹುಟ್ಟಿದ ದಿನಕ್ಕೇ ತಪ್ಪಿತಸ್ಥರು!

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳ್ಕೊಳ್ತಾರೆ ಅಂತ ಒಂದು ಭಯ ಇತ್ತಲ್ಲ, ಅದಕ್ಕೆ ಹೆದರಿ ಎಷ್ಟೋ ಜನ ಆ ಊರಿಗೆ ಹೋಗ್ತಿರಲಿಲ್ಲ. ಸಿದ್ದರಾಮಯ್ಯ ಮತ್ತೆ ಮತ್ತೆ ಹೋದ್ರು, 2013ರಿಂದ 2018ರವರೆಗೆ ಐದು ವರ್ಷ ಪೂರ್ತಿ ಮುಗಿಸಿದ್ರು. ಹೋಗದೇ ಇದ್ದವರಿಂದ ಆ ಮಾತು ಸುಳ್ಳು ಅಂತ ಯಾವತ್ತೂ ಗೊತ್ತಾಗ್ತಿರಲಿಲ್ಲ.

ಇನ್ನು ನಾಲ್ಕೈದು ವರ್ಷಕ್ಕೆ ನಮ್ಮ ಮನೆಗಳಲ್ಲೂ ಜಾತಕ ಹೊರಗೆ ಬರುತ್ತೆ ಫ್ರೆಂಡ್ಸ್. ಹುಡುಗಿ ಇಷ್ಟ ಆಗಿ, ನಕ್ಷತ್ರ ಬೇಡ ಅಂತ ಮನೆಯವರು ಅಂದ್ರೆ, ಆವತ್ತು ನೀವು ಬಾಯಿ ಬಿಡ್ತೀರಾ?