ಅಡುಗೆಮನೆ ಮೂಲೆಯ ಬಾಟಲಿ

ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಕೂತು ಬಂದವರಿಗೆ ಒಮ್ಮೆಯಾದ್ರೂ ಹುಟ್ಟೋ ಆಸೆ ನನಗೂ ಹುಟ್ಟಿತ್ತು. ಬಿಯರನ್ನ ಮನೇಲೇ ಮಾಡಿದ್ರೆ ಹೇಗೆ? ಆದರೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಹಾಗಾಗಿ ಹರಿಹರದ ನಮ್ಮ ಮನೆಯಲ್ಲಿ ಶುಂಠಿ ಸೋಡಾಕ್ಕೆ ಇಳಿದೆ. ಶುಂಠಿ, ಸಕ್ಕರೆ, ನೀರು, ಅಷ್ಟೇ. ಸಿಪ್ಪೆ ಮೇಲಿರೋ ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತೆ.

ಏಪ್ರಿಲ್ ತಿಂಗಳು. ಗಾಜಿನ ಬಾಟಲಿಗೆ ಕುತ್ತಿಗೆಮಟ್ಟ ತುಂಬಿ, ಮುಚ್ಚಳ ಬಿಗಿದು, ಅಡುಗೆಮನೆ ಮೂಲೆಯಲ್ಲಿಟ್ಟೆ. ಮೂರನೇ ದಿನ ಮಧ್ಯಾಹ್ನ ದಾವಣಗೆರೆಯ ಆಫೀಸಿಗೆ ಅವ್ವನ ಫೋನು. "ಏನಿಟ್ಟಿಯೋ ಇಲ್ಲಿ? ಬಾಂಬ್ ಸಿಡಿದಂಗಾತು!" ಅಕ್ಕನ ಮಗಳು ಐದು ನಿಮಿಷ ಮುಂಚೆ ಅದೇ ಮೂಲೇಲಿ ಆಡ್ತಿದ್ಲಂತೆ. ಹರಿಹರ ಹದಿನಾಲ್ಕೇ ಕಿಲೋಮೀಟರ್. ಆದ್ರೆ ಅವತ್ತು ಬಸ್ಸು ದೊಡ್ಡಬಾತಿ ದಾಟೋಕೇ ಒಂದು ಯುಗ ಹಿಡೀತು. ಹೋಗಿ ನೋಡಿದ್ರೆ ಎದುರುಗೋಡೆಯ ಕ್ಯಾಲೆಂಡರ್‌ಗೆ ಗಾಜಿನ ಚೂರು ನೆಟ್ಟಿತ್ತು. ಸಂಜೆ ಹರಿಹರೇಶ್ವರ ಗುಡಿಗೆ ಹೋಗಿ ಸುಮ್ಮನೆ ಕೂತೆ. ಪೋಲಾಳ್ವ ದಂಡನಾಯಕ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಕಂಬದ ತಣ್ಣನೆ ಕಲ್ಲಿಗೆ ಒರಗಿದ್ರೂ ಕೈ ನಡುಗೋದು ನಿಲ್ಲಲಿಲ್ಲ.

ವಾರದ ನಂತರ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುವಾಗ ಒಳಗಿನ ಹಿಟ್ಟಿನ ಪಾತ್ರೆ ಕಣ್ಣಿಗೆ ಬಿತ್ತು. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟು ಪಾತ್ರೆಯ ಅರ್ಧಕ್ಕಷ್ಟೇ. ಯಾಕೆ ಅಂತ ಕೇಳಿದ್ದಕ್ಕೆ ಭಟ್ಟರು ನಕ್ಕರು. "ಉಬ್ಬಾಕ ಜಾಗ ಬೇಕಲ್ಲ ತಮ್ಮಾ? ಮುಚ್ಚಳಾನೂ ಬಿಗಿ ಹಾಕಂಗಿಲ್ಲ. ಬೇಸಿಗ್ಯಾಗ ಲಗೂನ ಬರ್ತತಿ, ಚಳಿಗೆ ರಾತ್ರಿಯೆಲ್ಲಾ ಬೇಕು. ಗಡಿಯಾರ ನೋಡಬ್ಯಾಡ, ಹಿಟ್ಟು ನೋಡು." ನಾನು ಮಾಡಿದ್ದ ಮೂರೂ ತಪ್ಪು ಅದರಲ್ಲೇ ಇದ್ದವು!

ಈಗ ಮೊದಲು ಜಾಡಿಗೆ ಬಟ್ಟೆ ಕಟ್ಟಿ ಹುಳಿಯೋಕೆ ಬಿಡ್ತೀನಿ. ಮೇಲೆ ನೀಲಿಯೋ ಕಪ್ಪೋ ಬೂಸ್ಟು ಕಂಡ್ರೆ ಕೆನೆ ತೆಗೆದಂಗೆ ತೆಗೆಯೋದಲ್ಲ, ಪೂರ್ತಿ ಚೆಲ್ಲೋದು. ಆಮೇಲೆ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ, ಮೇಲೆ ನಾಲ್ಕು ಬೆರಳು ಖಾಲಿ ಬಿಟ್ಟು. ಬೆಳಿಗ್ಗೆ, ಸಂಜೆ ಬಾಟಲಿ ಒತ್ತಿ ನೋಡ್ತೀನಿ. ಬೆರಳು ಒಳಹೋಗದಷ್ಟು ಗಟ್ಟಿಯಾದ್ರೆ ಸೀದಾ ಫ್ರಿಜ್‌ಗೆ. ನಮ್ಮೂರ ಬಿಸಿಲಿಗೆ ಇದು ಒಂದೇ ದಿನದಲ್ಲಿ ಆಗಿಬಿಡಬಹುದು. ಫ್ರಿಜ್‌ನಲ್ಲೂ ಹುಳಿಯೋದು ನಿಧಾನವಾಗುತ್ತೆ ಹೊರತು ನಿಲ್ಲಲ್ಲ, ಅದಕ್ಕೆ ಬೇಗ ಕುಡಿದು ಮುಗಿಸಬೇಕು, ಮುಚ್ಚಳಾನ ಸಿಂಕ್ ಮೇಲೆ ಹಿಡಿದು ಮೆಲ್ಲಗೆ ತಿರುಗಿಸಬೇಕು. ಇದರಲ್ಲೂ ಚೂರು ಆಲ್ಕೋಹಾಲ್ ಹುಟ್ಟೋದ್ರಿಂದ ಮಗಳಿಗೆ ಕೊಡಲ್ಲ, ಅವಳಿಗೆ ನಿಂಬೆ ಪಾನಕ.

ಬಿಯರ್ ಮಾಡೋರು ಹೈಡ್ರೋಮೀಟರ್ ಇಟ್ಕೊಳ್ತಾರೆ. ಯೀಸ್ಟ್ ಸಕ್ಕರೆ ತಿಂದಂತೆ ಅದರ ಅಂಕಿ ಇಳಿಯುತ್ತೆ. ಎರಡು ಮೂರು ದಿನ ಅಲ್ಲೇ ನಿಂತ ಮೇಲೇನೇ ಬಾಟಲಿಗೆ ತುಂಬೋದು. ನನಗೆ ಸದ್ಯಕ್ಕೆ ಬೆರಳೇ ಮೀಟರು.

ಅವ್ವನಿಗೆ ಇನ್ನೂ ನಂಬಿಕೆ ಬಂದಿಲ್ಲ. ಬಾಟಲಿಯನ್ನ ಬಕೆಟ್‌ನಲ್ಲಿ ನಿಲ್ಲಿಸಿ, ಗೋಣಿಚೀಲ ಹೊದಿಸಿ, ಹಿತ್ತಲ ಬಾಗಿಲ ಆಚೆ ಇಡಿಸಿದ್ದಾಳೆ.