ಯಾರ ಮನೆಯ ಕಥೆ ಇದು?

ನನ್ನ ಮೊದಲ ಕಥೆ ಅಚ್ಚಾದದ್ದು 2003ರಲ್ಲಿ. ಪತ್ರಿಕೆ ಅಂಚೆಯಲ್ಲಿ ಔರಾದಕ್ಕೆ ಬಂದ ದಿನ ನನ್ನವರು ಅರ್ಧ ಕಿಲೋ ಜಿಲೇಬಿ ತಂದಿದ್ದರು. ಮೂರನೆಯ ದಿನ ನಮ್ಮ ಓಣಿಯ ಹಿರಿಯ ಹೆಂಗಸೊಬ್ಬರು ಬಂದು ಕಟ್ಟೆಯ ಮೇಲೆ ಕುಳಿತರು. ಚಹಾ ಕುಡಿದರು, ಮಕ್ಕಳ ಓದು ವಿಚಾರಿಸಿದರು. ಕೊನೆಗೆ ದನಿ ತಗ್ಗಿಸಿ ಕೇಳಿದರು: “ಅಲ್ಲವ್ವಾ, ಅದು ಯಾರ ಮನಿ ಕಥಿ ಅದ?”

ಅಂದಿನಿಂದ ಇಂದಿನವರೆಗೆ ನಾನು ಎಷ್ಟು ಕಥೆ ಬರೆದಿದ್ದೇನೋ ಅಷ್ಟು ಸಲ ಈ ಪ್ರಶ್ನೆಗೆ ಉತ್ತರಿಸಿದ್ದೇನೆ. ಕೊಲೆಗಾರನ ಕಥೆ ಬರೆದ ಗಂಡಸನ್ನು ಯಾರೂ “ಯಾರನ್ನು ಕೊಂದೆ?” ಎಂದು ಕೇಳುವುದಿಲ್ಲ. ಹೆಣ್ಣು ಬರೆದರೆ ಅದು ಮಾತ್ರ ಕಥೆಯಲ್ಲ, ಸಾಕ್ಷಿ ಹೇಳಿಕೆ. ಅವಳ ಗಂಡ, ಅತ್ತೆ, ಅಕ್ಕಪಕ್ಕದವರು ಎಲ್ಲರೂ ಅದರಲ್ಲಿ ತಮ್ಮ ಹೆಸರು ಹುಡುಕುತ್ತಾರೆ. ಆದರೆ ಆ ಮೊದಲ ಸಲ ನನಗೆ ನಿಜವಾಗಿ ಕಷ್ಟವಾದದ್ದು ಬೇರೆ ಕಾರಣಕ್ಕೆ. ಅದು ನಿಜಕ್ಕೂ ಒಬ್ಬರ ಮನೆಯ ಕಥೆಯಾಗಿತ್ತು.

ಭಾಲ್ಕಿಯಲ್ಲಿ ನನ್ನ ಖಾಲಾ, ಅಂದರೆ ಅಮ್ಮನ ತಂಗಿ, ಇದ್ದರು. ಎಂಬತ್ತರ ದಶಕದ ಆರಂಭದ ಮಾತು. ಅವರ ಗಂಡ ಭಾಲ್ಕಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದವರು, ಅಲ್ಲಿನ ಒಂದು ಚಹಾದ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಮೊದಲ ವರ್ಷ ಹಣವೂ ಬಂತು, ಪತ್ರವೂ ಬಂತು. ಆಮೇಲೆ ಎರಡೂ ನಿಂತವು. ರಜೆಗೆ ಹೋಗಿದ್ದ ನನಗೆ ಆಗ ಹದಿಮೂರು ವರ್ಷ. ಒಂದು ಮಧ್ಯಾಹ್ನ ಖಾಲಾ ನನ್ನನ್ನು ಒಳಗಿನ ಕೋಣೆಗೆ ಕರೆದು, ಕೈಗೆ ಕಾಗದ ಕೊಟ್ಟು, “ಉರ್ದುವಿನಲ್ಲಿ ಒಂದು ಪತ್ರ ಬರೆ. ನಿನ್ನ ಖಾಲು ಬರೆದಂತೆ ಬರೆ” ಎಂದರು.

ಖಾಲಾಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಖಾಲುಗೆ ಎರಡೂ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಯಾರಾದರೂ ಬರೆದುಕೊಡುತ್ತಿದ್ದರು. ಆದ್ದರಿಂದ ಅಕ್ಷರ ಬೇರೆಯಾದರೆ ಅನುಮಾನವಿಲ್ಲ. ಹಳೆಯ ಲಕೋಟೆಯಲ್ಲಿ ಹೊಸ ಪತ್ರವಿಟ್ಟರೆ ಆಯಿತು. ನಾನು ಉತ್ಸಾಹದಿಂದ ಬರೆದೆ: ನಾನು ಇಲ್ಲಿ ಕ್ಷೇಮ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ, ಮುಂದಿನ ತಿಂಗಳು ಹಣ ಕಳುಹಿಸುತ್ತೇನೆ. ಖಾಲಾ ಓದಿ, ತಲೆಯಾಡಿಸಿ, ಹರಿದುಹಾಕಿದರು. “ಹಣ ಕಳಿಸ್ತೀನಿ ಅಂತ ಬರೆದರೆ ಮುಂದಿನ ತಿಂಗಳು ನಾನೆಲ್ಲಿಂದ ತರಲಿ? ಕಳಿಸೋಕಾಗಲಿಲ್ಲ ಅಂತ ಬರೆ, ಕಾರಣ ಹೇಳು. ಒಂದು ದೂರು ಹಾಕು. ಅಲ್ಲಿಯ ಅನ್ನ ಜೀರ್ಣ ಆಗ್ತಿಲ್ಲ, ಜೋಳದ ರೊಟ್ಟಿ ನೆನಪಾಗುತ್ತೆ ಅನ್ನು. ದೂರು ಇಲ್ಲದ ಪತ್ರ ಯಾರೂ ನಂಬೋದಿಲ್ಲ.”

ಆ ಸಂಜೆ ಮೈದುನ ಪತ್ರವನ್ನು ಗಟ್ಟಿಯಾಗಿ ಓದಿದ. ಅತ್ತೆ ಕಣ್ಣುಮುಚ್ಚಿ ಕೇಳಿದರು. ಅನ್ನದ ದೂರು ಬಂದಾಗ “ಹಾಯ್ ಅಲ್ಲಾಹ್” ಎಂದರು. ಕಥೆ ಬರೆಯುವ ವಿದ್ಯೆಯ ಬಗ್ಗೆ ಆಮೇಲೆ ನಾನು ಓದಿದ ಯಾವ ಪುಸ್ತಕವೂ ಅದಕ್ಕಿಂತ ಹೆಚ್ಚಿನದನ್ನು ಕಲಿಸಲಿಲ್ಲ. ‘ಅವನಿಗೆ ಕಷ್ಟವಿತ್ತು’ ಎಂದರೆ ಓದುಗ ನಂಬುವುದಿಲ್ಲ. ಜೀರ್ಣವಾಗದ ಅನ್ನವನ್ನು ನಂಬುತ್ತಾನೆ. ಸುಳ್ಳು ನಿಲ್ಲಬೇಕಾದರೆ ಅದರ ಕಾಲಡಿಯಲ್ಲಿ ನಿಜದ ಸಣ್ಣ ಸಣ್ಣ ಕಲ್ಲುಗಳಿರಬೇಕು.

ಇಪ್ಪತ್ತು ವರ್ಷಗಳ ನಂತರ ನಾನು ಬರೆದದ್ದು ಇದನ್ನೇ. ಊರಿನ ಹೆಸರು ಬದಲಿಸಿದ್ದೆ, ಹೋಟೆಲನ್ನು ಬಟ್ಟೆಯಂಗಡಿ ಮಾಡಿದ್ದೆ. ಅತ್ತೆಯನ್ನು ಕ್ರೂರಿಯನ್ನಾಗಿಸಿದ್ದೆ. ಕೊನೆಯಲ್ಲಿ ಸುಳ್ಳು ಪತ್ರವನ್ನು ಎದೆಗೊತ್ತಿಕೊಂಡು ಹೆಂಡತಿ ರಾತ್ರಿಯಿಡೀ ಅಳುತ್ತಾಳೆ. ಕಥೆ ಮೆಚ್ಚಿ ಹನ್ನೊಂದು ಪತ್ರಗಳು ಬಂದವು. ಹೆಚ್ಚಿನವು ದೂರದ ಊರುಗಳ ಓದುಗರವು. “ನಿಮ್ಮಲ್ಲಿ ಹೆಣ್ಣುಮಕ್ಕಳ ಸ್ಥಿತಿ ಎಷ್ಟು ಶೋಚನೀಯ” ಎಂದು ಅವರು ಮರುಗಿದ್ದರು. ಇತ್ತ ನಮ್ಮವರಲ್ಲಿ ಕೆಲವರು “ಮನೆಯ ಮಾತನ್ನು ಬೀದಿಗಿಟ್ಟಳು” ಎಂದರು. ಯಾರೋ ಒಬ್ಬರು ಪತ್ರಿಕೆಯನ್ನು ಭಾಲ್ಕಿಗೂ ಒಯ್ದು, ಖಾಲಾಗೆ ಓದಿ ಹೇಳಿದರು. ಖಾಲಾ ನನ್ನೊಡನೆ ಮಾತು ಬಿಟ್ಟರು. ನಾನು ಬರೆಯುವುದನ್ನು ಬಿಟ್ಟೆ.

ಆ ದಿನಗಳಲ್ಲಿ ನನಗೆ ನೆರವಾದದ್ದು ಬೇರೆ ಲೇಖಕಿಯರ ಬದುಕು. ಕೊಡಗಿನ ಗೌರಮ್ಮ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಗಂಡನ ಹೆಸರಿನಲ್ಲೇ ಸಹಿ ಹಾಕುತ್ತಿದ್ದರು. 1939ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಉರ್ದುವಿನ ಇಸ್ಮತ್ ಚುಗ್ತಾಯಿ 1942ರಲ್ಲಿ ಬರೆದ ಒಂದು ಕಥೆಗಾಗಿ ಲಾಹೋರಿನ ನ್ಯಾಯಾಲಯದವರೆಗೆ ಹೋಗಿ ನಿಲ್ಲಬೇಕಾಯಿತು. ಕಾಸರಗೋಡಿನಲ್ಲಿ ಹುಟ್ಟಿ, ಮನೆಯಲ್ಲಿ ಮಲಯಾಳಂ ಮಾತಾಡಿ, ಕನ್ನಡದಲ್ಲಿ ಬರೆದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಂತರ ಎಷ್ಟು ಪ್ರತಿರೋಧ ಎದುರಿಸಿದರೆಂಬುದು ಎಲ್ಲರಿಗೂ ತಿಳಿದದ್ದೇ. 2023ರ ಜನವರಿಯಲ್ಲಿ ನಿಧನರಾಗುವವರೆಗೂ ಅವರು ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ. 2000ದಲ್ಲಿ ಮಹಿಳೆಯರ ಮಸೀದಿ ಪ್ರವೇಶದ ಪರವಾಗಿ ಮಾತನಾಡಿದ್ದಕ್ಕೆ ಹಾಸನದ ಬಾನು ಮುಷ್ತಾಕ್ ಬಹಿಷ್ಕಾರ ಅನುಭವಿಸಿದರು.

ಇವರನ್ನೆಲ್ಲ ನೆನೆದು ನನಗೆ ನಾನೇ ಸಮಾಧಾನ ಹೇಳಿಕೊಂಡೆ: ನಾನೂ ಸತ್ಯ ಹೇಳಿದ್ದೇನೆ, ಅದಕ್ಕೇ ಈ ಶಿಕ್ಷೆ. ಈ ಸಮಾಧಾನ ಸುಮಾರು ನಾಲ್ಕು ವರ್ಷ ಬಾಳಿತು.

ಅದನ್ನು ಮುರಿದವರು ಖಾಲಾ. ಒಂದು ಮದುವೆಯ ಮನೆಯಲ್ಲಿ ಬಾದಾಮಿ ಸಿಪ್ಪೆ ಸುಲಿಯುತ್ತ ನಾವಿಬ್ಬರೂ ಅಕ್ಕಪಕ್ಕ ಕೂರಬೇಕಾಗಿ ಬಂತು. ಬಹಳ ಹೊತ್ತಿನ ಮೇಲೆ ಅವರು ತಲೆಯೆತ್ತದೆಯೇ ನಮ್ಮ ದಖನಿಯಲ್ಲಿ ಹೇಳಿದರು: “ಮೈ ರೋಯೀಚ್ ನೈ.” ನಾನು ಅಳಲೇ ಇಲ್ಲ.

ನನಗೆ ಅರ್ಥವಾಗಲಿಲ್ಲ. ಖಾಲಾ ಮುಂದುವರಿಸಿದರು. ನೀನು ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನನ್ನು ಅಳಿಸಿದ್ದಕ್ಕೆ ಸಿಟ್ಟು. ಆ ರಾತ್ರಿ ಮರುದಿನದ ಹೊಲಿಗೆಗೆ ನೂಲು ಸಾಲದೆಂದು ಲೆಕ್ಕ ಹಾಕುತ್ತ ಮಲಗಿದೆ. ನನ್ನ ಅತ್ತೆಯನ್ನು ರಾಕ್ಷಸಿ ಮಾಡಿದೆಯಲ್ಲ, ಅದಕ್ಕೂ ಸಿಟ್ಟು. ಅವರಿಗೆ ಎಲ್ಲ ಗೊತ್ತಿತ್ತು.

“ಏನು ಗೊತ್ತಿತ್ತು?”

“ಪತ್ರ ಸುಳ್ಳು ಅಂತ. ಎರಡನೇ ಪತ್ರ ಓದಿಸಿದ ಮಾರನೇ ದಿನ ನನ್ನ ಕೈಗೆ ದುಡ್ಡು ಕೊಟ್ಟು, ಹೊಸ ಲಕೋಟೆ ತಗೋ, ಹಳೇದು ಸವೆದುಹೋಗಿದೆ ಅಂದರು.”

ಓದುಗರೇ, ಇಂಥ ಮಾತು ನನ್ನ ಕಥೆಯಲ್ಲಿ ಎಲ್ಲಿತ್ತು? ಮಗನ ಮಾನ, ಸೊಸೆಯ ಮಾನ, ಮನೆಯ ಮಾನ ಮೂರನ್ನೂ ಒಂದು ಲಕೋಟೆಯಲ್ಲಿ ಕಾಪಾಡಿದ ಆ ಮುದುಕಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಏಕೆಂದರೆ ನಾನು ನೋಡುತ್ತಿದ್ದದ್ದು ಅವರನ್ನಲ್ಲ, ಓದುಗರನ್ನು. ಅತ್ತೆ ಎಂದರೆ ಕ್ರೂರಿ, ಗಂಡ ಬಿಟ್ಟುಹೋದ ಮುಸ್ಲಿಂ ಹೆಣ್ಣು ಎಂದರೆ ಕಣ್ಣೀರು ಎಂದು ಅವರು ಮೊದಲೇ ತಿಳಿದಿದ್ದರು. ನಾನು ಅದನ್ನೇ ತಿರುಗಿ ಅವರಿಗೆ ಬಡಿಸಿದ್ದೆ. ಹನ್ನೊಂದು ಮೆಚ್ಚುಗೆಯ ಪತ್ರಗಳು ಬಂದದ್ದು ಆ ಕಾರಣಕ್ಕೇ.

ಲೇಖಕಿಯರ ಕಷ್ಟಗಳ ಬಗ್ಗೆ ಮಾತು ಬಂದಾಗಲೆಲ್ಲ ನಾವು ಸಮಯದ ಅಭಾವ ಹೇಳುತ್ತೇವೆ, ಅಡುಗೆಮನೆ ಹೇಳುತ್ತೇವೆ. ಅದು ಸುಳ್ಳಲ್ಲ. ನಾನು ಇಂದಿಗೂ ಫಜರ್ ನಮಾಝಿನ ನಂತರ ಹಾಲು ಬರುವವರೆಗಿನ ಒಂದು ಗಂಟೆಯಲ್ಲಿ ಬರೆಯುತ್ತೇನೆ. 2013ರಲ್ಲಿ ನೊಬೆಲ್ ಪಡೆದ ಕೆನಡಾದ ಆಲಿಸ್ ಮನ್ರೋ ಕೂಡ ಮಕ್ಕಳು ನಿದ್ದೆ ಮಾಡುವ ಹೊತ್ತಿನಲ್ಲಿ ಬರೆಯುತ್ತಿದ್ದರಂತೆ. ಆದರೆ ಗಂಟೆಯನ್ನು ಹೇಗಾದರೂ ಕದಿಯಬಹುದು. ನಮ್ಮಂಥವರಿಗೆ ಕಠಿಣವಾದದ್ದು ಇದು: ಒಂದು ಕಡೆಯಿಂದ ಸಮುದಾಯ “ಒಳ್ಳೆಯದನ್ನಷ್ಟೇ ಬರೆ” ಎನ್ನುತ್ತದೆ. ಇನ್ನೊಂದು ಕಡೆಯಿಂದ ಹೊರಗಿನ ಓದುಗ “ನಿಮ್ಮ ದುಃಖವನ್ನಷ್ಟೇ ಬರೆ” ಎನ್ನುತ್ತಾನೆ. ಒಬ್ಬರಿಗೆ ಮಾನದ ಚಿಂತೆ, ಇನ್ನೊಬ್ಬರಿಗೆ ಮರುಕದ ಹಸಿವು. ಇವರಿಬ್ಬರ ನಡುವೆ, ನೂಲಿನ ಲೆಕ್ಕ ಹಾಕುತ್ತ ಮಲಗಿದ ಹೆಂಗಸು ಕಳೆದುಹೋಗುತ್ತಾಳೆ. ಅವಳನ್ನು ಹುಡುಕಿ ತರುವುದು ಧೈರ್ಯದ ಕೆಲಸ ಮಾತ್ರವಲ್ಲ, ಕಸುಬಿನ ಕೆಲಸ. ಹೆದರದೆ ಬರೆದರೂ ಸರಿಯಾಗಿ ನೋಡದೆ ಬರೆದರೆ ಅದು ಅವಳಿಗೆ ಮಾಡಿದ ಅನ್ಯಾಯವೇ.

ಭಾಷೆಯ ವಿಷಯದಲ್ಲೂ ನನಗೆ ಇದೇ ಪಾಠವಾಯಿತು. ಔರಾದ ಕರ್ನಾಟಕದ ನಕ್ಷೆಯ ಉತ್ತರದ ತುತ್ತತುದಿ. ನಮ್ಮ ಮನೆಯೊಳಗೆ ದಖನಿ, ಓಣಿಯಲ್ಲಿ “ಯಾನ್ ಮಾಡ್ಲತ್ತಿ?” ಎನ್ನುವ ಕನ್ನಡ, ಉದಗೀರ, ದೇಗಲೂರಿನ ಕಡೆಯಿಂದ ಸಂತೆಗೆ ಬರುವವರ ಬಾಯಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ನನ್ನ ಖಾಲಾ ಕನ್ನಡ ಕಥೆಯಲ್ಲಿ ಹೇಗೆ ಮಾತಾಡಬೇಕು? ಮೊದಲ ಕಥೆಯಲ್ಲಿ ನಾನು ಅವರ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ಇಟ್ಟಿದ್ದೆ. ಇನ್ನೊಂದು ಕಥೆಯಲ್ಲಿ ಧೈರ್ಯ ಮಾಡಿ ನಮ್ಮ ಮಾತನ್ನೇ ಬರೆದಾಗ ಸಂಪಾದಕರೊಬ್ಬರು ಅದನ್ನೆಲ್ಲ ತಿದ್ದಿ ‘ಶುದ್ಧ’ ಮಾಡಿ ಅಚ್ಚು ಹಾಕಿದರು. ನನ್ನ ಅಕ್ಷರದ ಕೆಳಗೆ ಬೇರೆ ಯಾರೋ ಮಾತಾಡಿದಂತಿತ್ತು.

2006ರಲ್ಲಿ 72ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಬೀದರಿನಲ್ಲೇ ನಡೆಯಿತು. ಶಾಂತರಸರು ಅಧ್ಯಕ್ಷರು. ಪುಸ್ತಕ ಮಳಿಗೆಯಲ್ಲಿ ಗೀತಾ ನಾಗಭೂಷಣರ ‘ಬದುಕು’ ಕೊಂಡೆ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಅದು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕಲಬುರಗಿಯ ಬಡ ಹೆಂಗಸರು ಅದರಲ್ಲಿ ತಮ್ಮ ಮಾತನ್ನೇ ಆಡುತ್ತಾರೆ. ಬಸವಕಲ್ಯಾಣದ ನಂಟಿನ ಜಯದೇವಿತಾಯಿ ಲಿಗಾಡೆಯವರೂ ನೆನಪಾದರು. ಸೊಲ್ಲಾಪುರದಲ್ಲಿ ಹುಟ್ಟಿ ಮರಾಠಿಯಲ್ಲಿ ಓದಿ, ಕನ್ನಡವನ್ನು ತಾವಾಗಿ ಕಲಿತು, 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಗಡಿಯಲ್ಲಿ ಹುಟ್ಟಿದವರ ಕನ್ನಡಕ್ಕೂ ಒಂದು ಜಾಗವಿದೆ ಎಂದು ನನಗೆ ಅನಿಸಿದ್ದು ಆಗ. ದಖನಿಯ ಮಟ್ಟಿಗೂ ನಾನು ನಾಚಬೇಕಾಗಿರಲಿಲ್ಲ. ಅದರ ಮೊದಲ ದೊಡ್ಡ ಕಾವ್ಯಕಥೆಯನ್ನು ನಿಜಾಮಿ ಬರೆದದ್ದು ಹದಿನೈದನೆಯ ಶತಮಾನದಲ್ಲಿ, ಇದೇ ಬಹಮನಿಗಳ ಆಳ್ವಿಕೆಯಲ್ಲಿ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಹನ್ನೆರಡು ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಓಣಿಯಲ್ಲೂ ಮೊಬೈಲುಗಳು ಸದ್ದು ಮಾಡಿದವು. ಅನುವಾದಕಿ ದೀಪಾ ಭಾಸ್ತಿ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸದೆ ಹಾಗೆಯೇ ಉಳಿಸಿದ್ದಾರೆ. ಲಂಡನ್ನಿನ ಓದುಗ ಅದನ್ನು ಸಹಿಸಿಕೊಂಡ. ನಮ್ಮ ಸಂಪಾದಕರೂ “ಯಾನ್ ಮಾಡ್ಲತ್ತಿ”ಯನ್ನು ಸಹಿಸಿಕೊಳ್ಳಬಹುದು.

ಮದುವೆಮನೆಯಿಂದ ಮರಳಿದ ಮೇಲೆ ಆ ಕಥೆಯನ್ನು ನಾನು ಮತ್ತೆ ಬರೆದೆ. ಒಂದು ವರ್ಷ ಹಿಡಿಯಿತು. ಈ ಸಲ ಕೇವಲ ಹೆಸರು ಬದಲಿಸಲಿಲ್ಲ. ಖಾಲಾರ ಲೆಕ್ಕಾಚಾರವನ್ನು, ನನ್ನ ಅಜ್ಜಿಯ ಮೌನವನ್ನು, ನನ್ನದೇ ಒಂದಷ್ಟು ಹಟವನ್ನು ಕಲಸಿ ಬೇರೆಯೇ ಹೆಂಗಸನ್ನು ಮಾಡಿದೆ. ಅತ್ತೆ ಕಥೆಯ ನಡುವೆ ಬಂದು ಕುಳಿತರು. ಅಳುವಿನ ಪುಟ ತೆಗೆದುಹಾಕಿದೆ. ಕಸುಬು ಎಂದರೆ ನನ್ನ ಮಟ್ಟಿಗೆ ಇಷ್ಟೇ: ಜೀವಂತ ವ್ಯಕ್ತಿಯ ಗುಟ್ಟು ಅವರಲ್ಲೇ ಉಳಿಯಬೇಕು, ಆ ಗುಟ್ಟಿನ ಒಳಗಿದ್ದ ಸತ್ಯ ಮಾತ್ರ ಕಥೆಗೆ ದಾಟಬೇಕು. ಇಲ್ಲಿ ಈ ಸಂಗತಿ ಹೇಳಲು ಖಾಲಾ ಒಪ್ಪಿದ್ದಾರೆ. ಆದರೂ ಕೆಲವು ವಿವರ ಬದಲಿಸಿದ್ದೇನೆ. ಯಾವುವೆಂದು ಕೇಳಬೇಡಿ.

ಬರೆಯಬೇಕೆಂದಿರುವ ಹುಡುಗಿಯರು ಈಗ ನಮ್ಮ ಕಡೆಯೂ ಇದ್ದಾರೆ. ಅವರು ಹೇಗೆ ಬರೆಯಬೇಕೆಂದು ಕೇಳಿದರೆ ನಾನು ಖಾಲಾರ ದೂರಿನ ಮಾತು ಹೇಳುತ್ತೇನೆ. ಅವರ ಮನೆಯವರಿಗೂ ಒಂದು ವಿನಂತಿಯಿದೆ. ಮಗಳ, ಸೊಸೆಯ ಕಥೆ ಓದಿದಾಗ ಅದು ಯಾರ ಮನೆಯದೆಂದು ಹುಡುಕಬೇಡಿ. ಅದರಲ್ಲಿರುವ ಹೆಂಗಸು ನಿಜವೆನಿಸುತ್ತಾಳೆಯೇ ಎಂದು ನೋಡಿ. ಇಲ್ಲವಾದರೆ ಅದನ್ನು ಮುಖಕ್ಕೇ ಹೇಳಿ. ನನಗೆ ಹಾಗೆ ಹೇಳಿದವರು ಒಬ್ಬರೇ ಇದ್ದರು.

ಹೊಸ ಕಥೆಯನ್ನು ನಾನೇ ಭಾಲ್ಕಿಗೆ ಹೋಗಿ ಖಾಲಾರ ಮುಂದೆ ದಖನಿಗೆ ತಿರುಗಿಸಿ ಓದಿದೆ. ಅವರು ಅವರೆಕಾಯಿ ಬಿಡಿಸುತ್ತ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನಂತರ “ಏ ಮೈ ನೈ” ಎಂದರು, ಇದು ನಾನಲ್ಲ. ನನ್ನ ಎದೆ ಹಗುರಾಯಿತು. ಬುಟ್ಟಿಯನ್ನು ಪಕ್ಕಕ್ಕಿಟ್ಟು, ಸಿಪ್ಪೆಯನ್ನು ಕೊಡವಿ ಮೇಲೇಳುತ್ತ ಅವರು ಕೇಳಿದರು:

“ಆಮೇಲೆ ಇವಳು ಏನು ಮಾಡಿದಳು?”