ಮಲ್ಪೆಯಾಚೆಯ ಲಾವಾ ಕಂಬಗಳು

ಜ್ವಾಲಾಮುಖಿ ದ್ವೀಪವೆಂದೊಡನೆ ಗ್ರೀಸಿನ ಸ್ಯಾಂಟೊರಿನಿ ನೆನಪಾಗುತ್ತದೆ. ಅಲ್ಲಿಗೆ ಪಾಸ್‌ಪೋರ್ಟ್ ಬೇಕು. ನಮಗೋ, ಜಾಲಹಳ್ಳಿ ಕ್ರಾಸಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಸಾಕು. ಬೆಳಗಾಗುವಾಗ ಉಡುಪಿ, ಅಲ್ಲಿಂದ ಮಲ್ಪೆ, ಬಳಿಕ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಸ್ಥಳೀಯರಿಗೆ ಇದು ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಹೆಸರಿಟ್ಟನೆಂಬ ಕಥೆಯಿದೆ. ಕಲ್ಲುಗಳ ಕಥೆ ಅದಕ್ಕಿಂತ ರೋಚಕ.

ದೋಣಿಯಿಂದ ಇಳಿದವರೆಲ್ಲ ನೀರಿನತ್ತ ಓಡುತ್ತಾರೆ. ನೀವು ಮೊದಲು ಬಂಡೆಗಳತ್ತ ನಡೆಯಿರಿ. ಪೆನ್ಸಿಲ್ ಕಟ್ಟು ನಿಲ್ಲಿಸಿದಂತೆ ಒತ್ತೊತ್ತಾದ ಕಂಬಗಳು! ಮಕ್ಕಳೇ, ಮೂಲೆಗಳನ್ನು ಎಣಿಸಿ: ಐದು, ಆರು, ಕೆಲವಕ್ಕೆ ಏಳು. ಯಾವ ಶಿಲ್ಪಿಯೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ಆರುತ್ತ ಕುಗ್ಗಿತು, ಕುಗ್ಗುತ್ತ ಬಿರಿಯಿತು. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಬಿರಿಯುವುದಿಲ್ಲವೇ, ಹಾಗೆ. ಬಿರುಕುಗಳು 120 ಡಿಗ್ರಿಯಲ್ಲಿ ಸಂಧಿಸಿದಲ್ಲೆಲ್ಲ ಷಟ್ಕೋನ. ಅವು ಆಳಕ್ಕಿಳಿದಂತೆ ಕಂಬ ಉದ್ದವಾಯಿತು. ಇದನ್ನು ಬಸಾಲ್ಟ್ ಎಂದು ಬರೆಯುವವರಿದ್ದಾರೆ. ಸಿಲಿಕಾ ಹೆಚ್ಚಿರುವ ಇದು ರಯೋಲೈಟ್ ಬಗೆಯದು.

ಸ್ಯಾಂಟೊರಿನಿಯ ಒಲೆ ಇನ್ನೂ ಆರಿಲ್ಲ, 1950ರಲ್ಲೂ ಉಗುಳಿತ್ತು. ನಮ್ಮದು ಎಂದೋ ತಣ್ಣಗಾಗಿದೆ, ಮಕ್ಕಳು ಮುಟ್ಟಿ ನೋಡಬಹುದು. ಆದರೆ ನೆನಪಿಗೆಂದು ಚೂರು ಒಡೆದು ಜೇಬಿಗಿಳಿಸುವುದು ಬೇಡ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ; ಒಡೆದ ಕಂಬ ಮತ್ತೆ ಬೆಳೆಯದು. ಹೆತ್ತವರು ಕೊಂಚ ಗಮನಿಸಬೇಕು.

ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಡಿಸೆಂಬರ್ ಒಳ್ಳೆಯದು. ಕೊಡೆ, ಕುಡಿಯುವ ನೀರು, ಒಂದು ಕೋನಮಾಪಕ ಜೊತೆಗಿರಲಿ.